ಬೆರಳು ಹೇಳದ ಲೆಕ್ಕ: ಶ್ವಾಸಕೋಶ ಸೋತಾಗ ಕೆಂಪು ರಕ್ತಕಣಗಳಿಗೆ ಏನಾಗುತ್ತದೆ?

ಇಬ್ಬರು ರೋಗಿಗಳನ್ನು ಕಣ್ಮುಂದೆ ತಂದುಕೊಳ್ಳಿ. ಇಬ್ಬರಿಗೂ ವರ್ಷಗಟ್ಟಲೆ ಹಳೆಯದಾದ ಶ್ವಾಸಕೋಶದ ಕಾಯಿಲೆ. ಒಬ್ಬರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ 85 ತೋರಿಸುತ್ತದೆ. ಇನ್ನೊಬ್ಬರದು 97. ಸುತ್ತ ಇದ್ದವರೆಲ್ಲ ಮೊದಲನೆಯವರ ಕಡೆಗೇ ಓಡುತ್ತಾರೆ, ಅಲ್ವಾ? ಈಗ ರಕ್ತಪರೀಕ್ಷೆಯ ರಿಪೋರ್ಟ್ ತೆಗೆದು ನೋಡೋಣ. ಮೊದಲನೆಯವರ ಹಿಮೋಗ್ಲೋಬಿನ್ 18 ಗ್ರಾಂ. ಎರಡನೆಯವರದು 8.

ಒಂದು ಸಣ್ಣ ಗುಣಾಕಾರ ಮಾಡಿದರೆ ಚಿತ್ರ ತಲೆಕೆಳಗಾಗುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್ ಪೂರ್ತಿ ತುಂಬಿಕೊಂಡರೆ ಸುಮಾರು 1.34 ಮಿಲಿಲೀಟರ್ ಆಕ್ಸಿಜನ್ ಹೊರುತ್ತದೆ. ಮೊದಲನೆಯವರ 100 ಮಿಲಿಲೀಟರ್ ರಕ್ತದಲ್ಲಿ 18 ಗ್ರಾಂ ಇದೆ. ಅದರಲ್ಲಿ ನೂರಕ್ಕೆ 85 ಪಾಲು ತುಂಬಿದೆ. ಅಂದರೆ ಸುಮಾರು 20.5 ಮಿಲಿಲೀಟರ್ ಆಕ್ಸಿಜನ್. ಎರಡನೆಯವರ ಅಷ್ಟೇ ರಕ್ತದಲ್ಲಿ ಇರುವುದು 10.4, ಹೆಚ್ಚುಕಡಿಮೆ ಅರ್ಧ. ಹಿಮೋಗ್ಲೋಬಿನ್ 15 ಇದ್ದು, ಆಕ್ಸಿಮೀಟರಿನಲ್ಲಿ 98 ಬರುವ ಗಟ್ಟಿಮುಟ್ಟಾದ ಮನುಷ್ಯನ ರಕ್ತದಲ್ಲೂ ಇರುವುದು 19.7 ಮಾತ್ರ.

ಹಾಗಂತ ಮೊದಲನೆಯವರು ಆರಾಮಾಗಿದ್ದಾರೆ ಎಂದುಕೊಳ್ಳಬೇಡಿ. ಆ 18ಕ್ಕಾಗಿ ಅವರ ಹೃದಯ ದಿನಾ ಬೆಲೆ ಕಟ್ಟುತ್ತಿದೆ. ಅದಕ್ಕೆ ಆಮೇಲೆ ಬರೋಣ. ಸದ್ಯಕ್ಕೆ ಇಷ್ಟು ಗೊತ್ತಾದರೆ ಸಾಕು: ಇರುವ ಬುಟ್ಟಿಗಳಲ್ಲಿ ನೂರಕ್ಕೆ ಎಷ್ಟು ತುಂಬಿವೆ ಎಂದಷ್ಟೇ ಬೆರಳಿನ ಯಂತ್ರ ಹೇಳುತ್ತದೆ. ಒಟ್ಟು ಎಷ್ಟು ಬುಟ್ಟಿ ಇವೆ ಎಂದು ಅದಕ್ಕೆ ಗೊತ್ತಿಲ್ಲ.

ಸಿಒಪಿಡಿ ಎಂಬ ಹೆಸರು ಈಗ ಬಹಳ ಜನರಿಗೆ ಪರಿಚಿತ. ಶ್ವಾಸನಾಳಗಳು ಕಿರಿದಾಗಿ, ಗಾಳಿಚೀಲಗಳು ಹರಿದು, ಉಸಿರು ಹೊರಗೆ ಹೋಗಲು ತಿಣುಕುವ ಕಾಯಿಲೆ. ಬೀಡಿ ಸಿಗರೇಟು ಇದರ ದೊಡ್ಡ ಕಾರಣ. ಒಲೆಯ ಹೊಗೆ, ಕೆಲಸದ ಜಾಗದ ದೂಳು, ಕೆಟ್ಟ ಗಾಳಿ ಕೂಡ ಕಾರಣವೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಇದರಿಂದ ಸತ್ತವರು ಸುಮಾರು 35 ಲಕ್ಷ. ಜಗತ್ತಿನ ಸಾವಿನ ಕಾರಣಗಳಲ್ಲಿ ಅದಕ್ಕೆ ನಾಲ್ಕನೇ ಸ್ಥಾನ. ಇಷ್ಟು ದೊಡ್ಡ ಕಾಯಿಲೆಯ ಬಗ್ಗೆ ಮಾತಾಡುವಾಗ ನಾವು ಇನ್‌ಹೇಲರ್, ಎಕ್ಸ್‌ರೇ, ಊದುವ ಪರೀಕ್ಷೆ ಎಂದು ಎದೆಯ ಸುತ್ತಲೇ ಸುತ್ತುತ್ತೇವೆ. ಆಕ್ಸಿಜನ್ ಮಾತ್ರ ಎದೆಯಲ್ಲಿ ನಿಲ್ಲುವುದಿಲ್ಲ. ಅದನ್ನು ಹೊತ್ತು ತಿರುಗುವವರ ಗತಿ ಏನು ಎಂದು ಕೇಳುವವರು ಕಡಿಮೆ.

ಹೊರುವವರ ಪರಿಚಯ

ಕೆಂಪು ರಕ್ತಕಣ ವಿಚಿತ್ರ ಜೀವಕೋಶ. ಹೊರೆಗೆ ಜಾಗ ಬೇಕೆಂದು ತನ್ನ ಕೋಶಕೇಂದ್ರವನ್ನೇ ಹೊರಹಾಕಿರುತ್ತದೆ. ತಾನು ಹೊತ್ತ ಆಕ್ಸಿಜನ್ನಿನಲ್ಲಿ ಒಂದು ಚೂರನ್ನೂ ತಾನು ಉರಿಸಿಕೊಳ್ಳುವುದಿಲ್ಲ, ಅದಕ್ಕೆ ಬೇಕಾದ ಯಂತ್ರವೇ ಅದರೊಳಗಿಲ್ಲ. ಒಂದೊಂದು ಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಒಂದೊಂದು ಅಣುವಿಗೂ ನಾಲ್ಕು ಆಕ್ಸಿಜನ್ ಹಿಡಿಯುವ ಜಾಗ. ಅಗಲ 7ರಿಂದ 8 ಮೈಕ್ರೋಮೀಟರ್. ತನಗಿಂತ ಕಿರಿದಾದ ನಾಳಗಳಲ್ಲೂ ಮಡಚಿಕೊಂಡು ನುಸುಳುತ್ತದೆ. ಸುಮಾರು 120 ದಿನ ಹೀಗೆ ಓಡಾಡಿ ಸಾಯುತ್ತದೆ. ಮೂಳೆಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ ಹೊಸ ಕಣಗಳನ್ನು ಮಾಡಿ ಕಳಿಸುತ್ತಲೇ ಇರುತ್ತದೆ.

ಹಿಮೋಗ್ಲೋಬಿನ್ನಿಗೆ ಇನ್ನೊಂದು ಗುಣವಿದೆ. ಶ್ವಾಸಕೋಶದ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವುದಕ್ಕೆ ಅದೂ ಒಂದು ಕಾರಣ. ಆರೋಗ್ಯವಂತರ ಶುದ್ಧ ರಕ್ತದಲ್ಲಿ ಆಕ್ಸಿಜನ್ನಿನ ಒತ್ತಡ ಪಾದರಸದ ಅಳತೆಯಲ್ಲಿ ಸುಮಾರು 100 ಮಿಲಿಮೀಟರ್ ಇರುತ್ತದೆ. ಅದು 60ಕ್ಕೆ ಇಳಿದರೂ ಹಿಮೋಗ್ಲೋಬಿನ್ ನೂರಕ್ಕೆ 90 ಪಾಲು ತುಂಬಿಯೇ ಇರುತ್ತದೆ. ನಲವತ್ತು ಪಾಯಿಂಟ್ ಕಳೆದರೂ ನಷ್ಟ ಏಳೆಂಟು ಪಾಲು ಮಾತ್ರ. ಅಲ್ಲಿಂದ ಕೆಳಗೆ ಕಡಿದಾದ ಇಳಿಜಾರು. 60ರಿಂದ 40ಕ್ಕೆ ಇಳಿದರೆ ತುಂಬಿರುವುದು 75 ಪಾಲು ಅಷ್ಟೇ. ಹಾಗಾಗಿ 90ರ ಆಸುಪಾಸಿನಲ್ಲಿ ಓಡಾಡುವವರು ಬೆಟ್ಟದ ಅಂಚಿನಲ್ಲಿ ನಿಂತಿರುತ್ತಾರೆ. ಒಂದು ನೆಗಡಿ, ಒಂದು ಕಫ ಕಟ್ಟಿದ ರಾತ್ರಿ, ಸರಸರನೆ ಕೆಳಗೆ.

ಕಿಡ್ನಿಗೆ ಗೊತ್ತಾಗುವುದು ಹೇಗೆ?

ಆಕ್ಸಿಜನ್ ಕಡಿಮೆಯಾಗಿದೆ ಎಂಬ ದೂರು ಮೊದಲು ಹೋಗುವುದು ಕತ್ತಿನ ರಕ್ತನಾಳಗಳ ಪಕ್ಕದ ಪುಟ್ಟ ಗಂಟುಗಳಿಗೆ. ಅವು ಉಸಿರಾಟವನ್ನು ಜೋರು ಮಾಡುತ್ತವೆ. ಆದರೆ ರಕ್ತಕಣ ಜಾಸ್ತಿ ಮಾಡಬೇಕೇ ಎಂದು ತೀರ್ಮಾನಿಸುವುದು ಮೂತ್ರಪಿಂಡ. ಇದಕ್ಕೆ ಅದೇ ಯಾಕೆ? ಬೇರೆ ಅಂಗಗಳಲ್ಲಿ ಕೆಲಸ ಜಾಸ್ತಿಯಾದಾಗ ಆಕ್ಸಿಜನ್ ಖರ್ಚು ಏರುಪೇರಾಗುತ್ತದೆ. ಓಡಿದರೆ ಸ್ನಾಯುವಿನಲ್ಲಿ ಆಕ್ಸಿಜನ್ ಕುಸಿಯುತ್ತದೆ, ಅದಕ್ಕೆ ರಕ್ತ ಕಾರಣವಲ್ಲ. ಮೂತ್ರಪಿಂಡದಲ್ಲಿ ರಕ್ತದ ಹರಿವು ಜಾಸ್ತಿಯಾದರೆ ಸೋಸುವ ಕೆಲಸವೂ ಜಾಸ್ತಿ, ಖರ್ಚೂ ಜಾಸ್ತಿ. ಎರಡೂ ಒಟ್ಟಿಗೆ ಏರಿಳಿಯುತ್ತವೆ. ಹೀಗಾಗಿ ಅಲ್ಲಿ ಆಕ್ಸಿಜನ್ ಕಡಿಮೆ ಕಂಡರೆ ತಪ್ಪು ರಕ್ತದ್ದೇ ಇರಬೇಕು. ಇದಕ್ಕಿಂತ ಒಳ್ಳೆಯ ಅಳತೆಗಾರ ಮೈಯಲ್ಲಿ ಇನ್ನೊಬ್ಬನಿಲ್ಲ.

ಅಳತೆ ನಡೆಯುವ ಬಗೆಯಂತೂ ಇನ್ನೂ ಚೆಂದ. ಜೀವಕೋಶದೊಳಗೆ ಎಚ್‌ಐಎಫ್ ಎಂಬ ಪ್ರೋಟೀನ್ ಸದಾ ತಯಾರಾಗುತ್ತಿರುತ್ತದೆ. ತಯಾರಾದ ಕೆಲವೇ ನಿಮಿಷಗಳಲ್ಲಿ ನಾಶವೂ ಆಗುತ್ತದೆ. ಯಾರೋ ಬಿಡದೆ ಚೀಟಿ ಬರೆಯುತ್ತಿದ್ದಾರೆ, ಇನ್ಯಾರೋ ಪಕ್ಕದಲ್ಲೇ ಕೂತು ಹರಿದು ಹಾಕುತ್ತಿದ್ದಾರೆ ಎಂದುಕೊಳ್ಳಿ. ಹರಿಯುವ ಕೈಗೆ ಆಕ್ಸಿಜನ್ ಬೇಕು, ಜೊತೆಗೆ ಕಬ್ಬಿಣವೂ ಬೇಕು. ಆಕ್ಸಿಜನ್ ಸಾಲದಿದ್ದರೆ ಕೈ ನಿಲ್ಲುತ್ತದೆ, ಚೀಟಿ ಉಳಿಯುತ್ತದೆ. ಅದು ಸೀದಾ ವಂಶವಾಹಿಗಳಿಗೆ ತಲುಪಿ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಮಾಡಿಸುತ್ತದೆ. ಈ ಗುಟ್ಟು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಸಿಕ್ಕಿತು.

ಹಾರ್ಮೋನ್ ಮೂಳೆಮಜ್ಜೆಗೆ ಹೋಗಿ, ಸುಮ್ಮನೆ ಬಿಟ್ಟರೆ ಸತ್ತುಹೋಗುತ್ತಿದ್ದ ಎಳೆಯ ಕಣಗಳನ್ನು ಉಳಿಸಿ ಬೆಳೆಸುತ್ತದೆ. ಕೆಲವೇ ದಿನಗಳಲ್ಲಿ ಹೊಸ ಕಣಗಳು ರಕ್ತಕ್ಕೆ ಇಳಿಯುತ್ತವೆ. ಬೆಟ್ಟ ಹತ್ತಿದವರಲ್ಲೂ ನಡೆಯುವುದು ಇದೇ. 1890ರ ಹೊತ್ತಿಗೇ ಫ್ರಾನ್ಸಿನ ಫ್ರಾಂಸ್ವಾ ವಿಯೋ ಪೆರುವಿನ ಎತ್ತರದ ಗಣಿ ಊರಿನಲ್ಲಿ ತನ್ನ ರಕ್ತವನ್ನೇ ಎಣಿಸಿ, ಕೆಲವು ವಾರಗಳಲ್ಲಿ ಕಣಗಳು ಏರಿದ್ದನ್ನು ತೋರಿಸಿದ್ದರು. ಆದರೆ ಬೆಟ್ಟ ಹತ್ತಿದವರು ಇಳಿದು ಬರಬಹುದು. ಸಿಒಪಿಡಿ ಇರುವವರು ತಮ್ಮ ಬೆಟ್ಟವನ್ನು ಎದೆಯೊಳಗೇ ಇಟ್ಟುಕೊಂಡು ತಿರುಗುತ್ತಾರೆ.

ರಕ್ತ ಮಂದವಾದರೆ

ಕಣಗಳು ಜಾಸ್ತಿಯಾದರೆ ಒಳ್ಳೆಯದೇ ತಾನೇ? ಒಂದು ಮಟ್ಟದವರೆಗೆ ಹೌದು. ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಎಂಬ ಸಾಲು ಇರುತ್ತದೆ. ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಕಣಗಳೇ ಇವೆ ಎಂಬ ಲೆಕ್ಕ ಅದು. ಗಂಡಸರಲ್ಲಿ ಸಾಮಾನ್ಯವಾಗಿ 40ರಿಂದ 50, ಹೆಂಗಸರಲ್ಲಿ ಇನ್ನೊಂದಿಷ್ಟು ಕಡಿಮೆ. ಅದು 55 ದಾಟಿದ ಮೇಲೆ ರಕ್ತ ಮಂದವಾಗುವ ವೇಗ ಜೋರಾಗುತ್ತದೆ. ತಲೆಭಾರ, ತಲೆಸುತ್ತು, ಮಂಪರು, ಕಪ್ಪುಗೆಂಪಾದ ಮುಖ, ಕೆಂಪಡರಿದ ಕಣ್ಣು.

ನಿಜವಾದ ಪೆಟ್ಟು ಬೀಳುವುದು ಹೃದಯದ ಬಲಭಾಗಕ್ಕೆ. ಬೇರೆ ಅಂಗಗಳ ರಕ್ತನಾಳಗಳು ಆಕ್ಸಿಜನ್ ಕಡಿಮೆಯಾದರೆ ಹಿಗ್ಗುತ್ತವೆ. ಶ್ವಾಸಕೋಶದ ನಾಳಗಳು ಮಾತ್ರ ಕುಗ್ಗುತ್ತವೆ. ಸ್ವೀಡನ್ನಿನ ವಿಜ್ಞಾನಿಗಳಾದ ವಾನ್ ಆಯ್ಲರ್ ಮತ್ತು ಲಿಲ್ಯಸ್ಟ್ರಾಂಡ್ 1946ರಲ್ಲೇ ಇದನ್ನು ವಿವರಿಸಿದ್ದರು. ಗಾಳಿ ಬಾರದ ಮೂಲೆಗೆ ರಕ್ತ ಕಳಿಸಿ ಏನು ಪ್ರಯೋಜನ, ಗಾಳಿ ಇರುವ ಕಡೆ ತಿರುಗಿಸೋಣ ಎಂಬ ಜಾಣತನ ಅದು. ಒಂದು ಮೂಲೆ ಕೆಟ್ಟಾಗ ಈ ಉಪಾಯ ಸರಿ. ಇಡೀ ಶ್ವಾಸಕೋಶವೇ ಕೆಟ್ಟಾಗ ಎಲ್ಲ ನಾಳಗಳೂ ಕುಗ್ಗಿ ಕೂರುತ್ತವೆ. ಈಗ ಕುಗ್ಗಿದ ನಾಳಗಳಲ್ಲಿ ಮಂದವಾದ ರಕ್ತವನ್ನು ತಳ್ಳಬೇಕು. ತಳ್ಳಬೇಕಾದದ್ದು ಹೃದಯದ ಬಲ ಕೋಣೆ. ಅದು ಹುಟ್ಟಿನಿಂದಲೂ ಕಡಿಮೆ ಒತ್ತಡದ ಕೆಲಸಕ್ಕೆ ಒಗ್ಗಿದ, ತೆಳು ಗೋಡೆಯ ಕೋಣೆ. ವರ್ಷಗಳ ಮೇಲೆ ಅದು ದಪ್ಪವಾಗಿ, ಹಿಗ್ಗಿ, ಸೋಲುತ್ತದೆ. ಕಾಲು ಬಾವು ಬರುತ್ತದೆ, ಲಿವರ್ ಊದಿಕೊಳ್ಳುತ್ತದೆ. ನಮ್ಮ ಮೊದಲ ರೋಗಿ ಕಟ್ಟುತ್ತಿರುವ ಬೆಲೆ ಇದು.

ಟಿಬೆಟಿನ ಎತ್ತರದಲ್ಲಿ ಸಾವಿರಾರು ವರ್ಷಗಳಿಂದ ಬದುಕಿದವರ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಅವರಲ್ಲಿ ಬಹಳ ಜನರಿಗೆ ಇಪಿಎಎಸ್1 ಎಂಬ ವಂಶವಾಹಿಯ ವಿಶೇಷ ರೂಪವಿದೆ. ಅದರಿಂದಾಗಿ ತೆಳು ಗಾಳಿಯಲ್ಲೂ ಅವರ ಹಿಮೋಗ್ಲೋಬಿನ್ ಅಷ್ಟಾಗಿ ಏರುವುದಿಲ್ಲ. ಆಂಡೀಸ್ ಬೆಟ್ಟಗಳವರಲ್ಲಿ ಜಾಸ್ತಿ ಏರುತ್ತದೆ, ಅತಿಯಾಗಿ ಏರಿ ಬರುವ ಕಾಯಿಲೆಯೊಂದೂ ಅಲ್ಲಿದೆ. ಕಾಲ ಸಿಕ್ಕರೆ ಪ್ರಕೃತಿಯೂ ಕಣಗಳ ರಾಶಿ ಹಾಕುವುದನ್ನು ಬಿಟ್ಟು ಬೇರೆ ದಾರಿ ಹುಡುಕಿಕೊಳ್ಳಬಲ್ಲದು ಎನ್ನಿಸುತ್ತದೆ.

ಎದುರು ದಿಕ್ಕಿನ ಎಳೆತ

ಇಷ್ಟು ಓದಿದವರಿಗೆ ಸಿಒಪಿಡಿ ಇರುವವರಲ್ಲೆಲ್ಲ ರಕ್ತ ಜಾಸ್ತಿ ಇರಬೇಕು ಅನ್ನಿಸಬಹುದು. ಹಳೆಯ ವೈದ್ಯರಿಗೂ ಹಾಗೇ ಅನ್ನಿಸಿತ್ತು. ಎಣಿಸಿ ನೋಡಿದಾಗ ಬೇರೆಯೇ ಕಂಡಿತು. ಮನೆಯಲ್ಲೇ ದೀರ್ಘಕಾಲ ಆಕ್ಸಿಜನ್ ತೆಗೆದುಕೊಳ್ಳುತ್ತಿದ್ದ 2,524 ಮಂದಿಯ ಫ್ರಾನ್ಸಿನ ದಾಖಲೆಯೊಂದು 2005ರಲ್ಲಿ ಪ್ರಕಟವಾಯಿತು. ಹೆಮಟೋಕ್ರಿಟ್ 55 ಅಥವಾ ಅದಕ್ಕಿಂತ ಜಾಸ್ತಿ ಇದ್ದವರು ನೂರಕ್ಕೆ 8.4 ಮಂದಿ. ರಕ್ತಹೀನತೆ ಇದ್ದವರು ಗಂಡಸರಲ್ಲಿ 12.6, ಹೆಂಗಸರಲ್ಲಿ 8.2. ಅಷ್ಟು ತೀವ್ರ ಕಾಯಿಲೆಯವರಲ್ಲೂ ರಕ್ತ ಕಡಿಮೆಯಾಗುವುದು ಅಪರೂಪವಲ್ಲ. ಯಾರಲ್ಲಿ ಹೆಮಟೋಕ್ರಿಟ್ ಕಡಿಮೆ ಇತ್ತೋ ಅವರೇ ಬೇಗ ಸತ್ತಿದ್ದರು.

ಕಾರಣ ಉರಿಯೂತ. ಸಿಒಪಿಡಿ ಶ್ವಾಸಕೋಶದಲ್ಲಷ್ಟೇ ಇರುವ ಕಾಯಿಲೆಯಲ್ಲ. ಒಳಗೊಳಗೇ ಹೊಗೆಯಾಡುವ ಉರಿಯೂತ ಇಡೀ ಮೈಗೆ ಹರಡಿರುತ್ತದೆ. ಅದರ ಸಂಕೇತ ಸಿಕ್ಕ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಡುತ್ತದೆ. ಹೆಪ್ಸಿಡಿನ್ ಕಬ್ಬಿಣಕ್ಕೆ ಬೀಗ ಹಾಕುತ್ತದೆ. ಕರುಳಿನಿಂದ ಕಬ್ಬಿಣ ಒಳಗೆ ಬರುವುದಿಲ್ಲ, ಉಗ್ರಾಣದಲ್ಲಿದ್ದದ್ದು ಹೊರಗೆ ಹೋಗುವುದಿಲ್ಲ. ಸೋಂಕು ಬಂದಾಗ ಇದು ರಕ್ಷಣೆ, ಬ್ಯಾಕ್ಟೀರಿಯಾಗಳಿಗೂ ಕಬ್ಬಿಣ ಬೇಕಲ್ಲ. ಉರಿಯೂತ ವರ್ಷಗಟ್ಟಲೆ ಇದ್ದರೆ ಮಾತ್ರ ಮೂಳೆಮಜ್ಜೆ ಉಪವಾಸ ಬೀಳುತ್ತದೆ. ಎರಿಥ್ರೊಪೊಯೆಟಿನ್ ಎಷ್ಟೇ ಕೂಗಿದರೂ ಮಜ್ಜೆಗೆ ಸರಿಯಾಗಿ ಕೇಳಿಸುವುದಿಲ್ಲ.

ಅಂದರೆ ಒಂದೇ ಮೈಯಲ್ಲಿ ಎರಡು ಎಳೆತ. ಆಕ್ಸಿಜನ್ನಿನ ಕೊರತೆ 'ಕಣ ಹೆಚ್ಚಿಸು' ಎನ್ನುತ್ತದೆ. ಉರಿಯೂತ 'ಕಬ್ಬಿಣ ಕೊಡಬೇಡ' ಎನ್ನುತ್ತದೆ. ಈ ಜಗ್ಗಾಟದಲ್ಲಿ ಯಾರು ಗೆದ್ದರು ಎಂಬುದೇ ರಿಪೋರ್ಟಿನ ಹಿಮೋಗ್ಲೋಬಿನ್. ಇಬ್ಬರೂ ಸಮ ಬಲದಲ್ಲಿ ಎಳೆದರೆ? ಸಂಖ್ಯೆ ನಡುವೆ ನಿಲ್ಲುತ್ತದೆ. 14 ಎಂದು ಬರುತ್ತದೆ, 'ನಾರ್ಮಲ್' ಎಂದು ಮಡಚಿ ಇಡುತ್ತೇವೆ.

ನನಗೆ ಕಾಡುವುದು ಈ 14. ರಿಪೋರ್ಟಿನ ಅಂಚಿನಲ್ಲಿ ಅಚ್ಚಾಗಿರುವ ಮಿತಿಗಳು ಒಳ್ಳೆಯ ಶ್ವಾಸಕೋಶ ಇರುವವರನ್ನು ಅಳೆದು ಮಾಡಿದವು. ಆಕ್ಸಿಮೀಟರಿನಲ್ಲಿ ಸದಾ 86 ತೋರಿಸುವವರ ಮಜ್ಜೆ ನೆಟ್ಟಗಿದ್ದರೆ ಹಿಮೋಗ್ಲೋಬಿನ್ ಏರಬೇಕಿತ್ತು. ಏರಿಲ್ಲ ಎಂದರೆ ಏನೋ ತಡೆದಿದೆ. ಕಬ್ಬಿಣ ಸಿಗುತ್ತಿಲ್ಲವೋ, ಮೂತ್ರಪಿಂಡ ಸೋತಿದೆಯೋ, ಎಲ್ಲಾದರೂ ರಕ್ತ ಸೋರುತ್ತಿದೆಯೋ. ನಾರ್ಮಲ್ ಎಂಬ ಪದ ಇಲ್ಲಿ ಉತ್ತರವಾಗುವುದಕ್ಕಿಂತ ಪ್ರಶ್ನೆಯಾಗಬೇಕು. ಕಬ್ಬಿಣ ನೋಡುವಾಗಲೂ ಒಂದು ಮೋಸವಿದೆ. ಫೆರಿಟಿನ್ ಉಗ್ರಾಣದ ಲೆಕ್ಕ ಹೇಳುತ್ತದೆ ನಿಜ. ಆದರೆ ಉರಿಯೂತ ಇದ್ದಾಗ ಅದು ತಾನಾಗಿಯೇ ಏರುತ್ತದೆ. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ನೂರಕ್ಕೆ ಎಷ್ಟು ತುಂಬಿದೆ ಎಂಬ ಲೆಕ್ಕ, ನೋಡಿದರೆ, ಅದು ನೂರಕ್ಕೆ 20ಕ್ಕಿಂತ ಕೆಳಗಿದ್ದರೆ, ಮಜ್ಜೆಗೆ ಕಬ್ಬಿಣ ತಲುಪುತ್ತಿಲ್ಲ ಎಂದು ತಿಳಿಯಬಹುದು.

ಅದೇ ಹಾಳೆಯಲ್ಲಿ ಆರ್‌ಡಿಡಬ್ಲ್ಯು ಎಂಬ ಸಾಲೂ ಇರುತ್ತದೆ. ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂಬುದರ ಅಳತೆ. ಅದು ಜಾಸ್ತಿ ಇರುವ ಸಿಒಪಿಡಿ ರೋಗಿಗಳ ಮುಂದಿನ ದಾರಿ ಕಷ್ಟದ್ದು ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಚಿಕಿತ್ಸೆ ಬದಲಿಸುವಷ್ಟು ಸ್ಪಷ್ಟ ಸುಳಿವೇನಲ್ಲ.

ಕಣದ ಒಳಗಿನ ಹೊಂದಾಣಿಕೆ

ಎಣಿಕೆ ಬದಲಾಗದೆಯೂ ಕಣ ತನ್ನ ನಡವಳಿಕೆ ಬದಲಿಸಬಲ್ಲದು. ಆಕ್ಸಿಜನ್ ಕಡಿಮೆಯಾದಾಗ ಕಣದೊಳಗೆ ಬಿಪಿಜಿ ಎಂಬ ಸಣ್ಣ ಅಣು ಜಾಸ್ತಿಯಾಗುತ್ತದೆ. ಅದು ಹಿಮೋಗ್ಲೋಬಿನ್ನಿನ ಹಿಡಿತ ಸಡಿಲಿಸುತ್ತದೆ. ಹೊತ್ತ ಆಕ್ಸಿಜನ್ನನ್ನು ಅಂಗಾಂಶಗಳಲ್ಲಿ ಸುಲಭವಾಗಿ ಇಳಿಸಿ ಬರಬಹುದು. ಕಾರ್ಬನ್ ಡೈಆಕ್ಸೈಡ್ ಕೂಡಿಕೊಂಡವರಲ್ಲಿ ರಕ್ತ ಆಮ್ಲೀಯವಾಗುತ್ತದೆ. ಆಮ್ಲ ತಾನೂ ಹಿಡಿತ ಸಡಿಲಿಸುತ್ತದೆ, ಆದರೆ ಬಿಪಿಜಿ ತಯಾರಿಯನ್ನು ತಗ್ಗಿಸುತ್ತದೆ. ಇಲ್ಲೂ ಜಗ್ಗಾಟವೇ.

ಕೆಂಪು ಕಣ ವಾಪಸ್ ಬರುವಾಗ ಖಾಲಿ ಬರುವುದಿಲ್ಲ. ಕಾರ್ಬನ್ ಡೈಆಕ್ಸೈಡನ್ನು ಹೊತ್ತು ತರುವುದರಲ್ಲೂ ಅದರದೇ ದೊಡ್ಡ ಪಾತ್ರ. ಆಕ್ಸಿಜನ್ ಬಿಟ್ಟ ಹಿಮೋಗ್ಲೋಬಿನ್ ಕಾರ್ಬನ್ ಡೈಆಕ್ಸೈಡನ್ನು ಚೆನ್ನಾಗಿ ಹಿಡಿಯುತ್ತದೆ. ಆಕ್ಸಿಜನ್ ತುಂಬಿದರೆ ಕೈಬಿಡುತ್ತದೆ. ಸಿಒಪಿಡಿ ಜೋರಾಗಿ ಆಸ್ಪತ್ರೆಗೆ ಬಂದವರಿಗೆ ಸಿಕ್ಕಾಪಟ್ಟೆ ಆಕ್ಸಿಜನ್ ಕೊಟ್ಟರೆ ಅಪಾಯ ಎನ್ನಲು ಇದೂ ಒಂದು ಕಾರಣ. ಇನ್ನೊಂದು ಕಾರಣ, ಕುಗ್ಗಿದ್ದ ನಾಳಗಳು ತೆರೆದು ಕೆಟ್ಟ ಮೂಲೆಗಳಿಗೂ ರಕ್ತ ಹರಿಯತೊಡಗುವುದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲೇ ನಡೆದು, 2010ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. 405 ರೋಗಿಗಳು. 88ರಿಂದ 92ರ ನಡುವೆ ನಿಲ್ಲುವಂತೆ ಅಳೆದು ಆಕ್ಸಿಜನ್ ಕೊಟ್ಟವರಲ್ಲಿ ಸಾವಿನ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. 'ಇನ್ನೂ 100 ಬಂದಿಲ್ಲ, ಜಾಸ್ತಿ ಮಾಡಿ' ಎಂದು ಒತ್ತಾಯಿಸುವ ಬಂಧುಗಳಿಗೆ ಇದನ್ನು ತಾಳ್ಮೆಯಿಂದ ಹೇಳಬೇಕಾಗುತ್ತದೆ.

ಕಣ್ಣಿಗೂ ಯಂತ್ರಕ್ಕೂ ಮೋಸ

ತುಟಿ, ಉಗುರು ನೀಲಿಯಾದರೆ ಆಕ್ಸಿಜನ್ ಕಡಿಮೆ ಎಂದು ಎಲ್ಲರಿಗೂ ಗೊತ್ತು. ಆ ನೀಲಿ ಕಾಣಬೇಕಾದರೆ ಚರ್ಮದ ಸಣ್ಣ ನಾಳಗಳ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 5 ಗ್ರಾಂ ಹಿಮೋಗ್ಲೋಬಿನ್ ಆಕ್ಸಿಜನ್ ಇಲ್ಲದೆ ಇರಬೇಕು. 18 ಗ್ರಾಂ ಇರುವವರಲ್ಲಿ ಅಷ್ಟು ಬೇಗ ಆಗಿಬಿಡುತ್ತದೆ. 8 ಗ್ರಾಂ ಇರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿಯಾಗಬೇಕು. ರಕ್ತಹೀನತೆ ಇರುವವರು ನೀಲಿಯಾಗದೆಯೇ ಅಪಾಯ ಮುಟ್ಟಬಹುದು.

ಯಂತ್ರವನ್ನೂ ಪೂರ್ತಿ ನಂಬುವಂತಿಲ್ಲ. ಕಪ್ಪು ಚರ್ಮದ ರೋಗಿಗಳಲ್ಲಿ ಆಕ್ಸಿಮೀಟರ್ ಸರಿ ಎಂದು ತೋರಿಸುತ್ತಿದ್ದಾಗಲೂ ರಕ್ತದಲ್ಲಿ ಆಕ್ಸಿಜನ್ ಕಡಿಮೆ ಇದ್ದ ಪ್ರಸಂಗಗಳು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಎಂದು 2020ರ ಅಮೆರಿಕದ ಅಧ್ಯಯನವೊಂದು ಹೇಳಿತು. ಇನ್ನು ಸಿಗರೇಟು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ದಿನವಿಡೀ ಸೇದುವವರಲ್ಲಿ ನೂರಕ್ಕೆ 5ರಿಂದ 10 ಪಾಲು ಹೀಗೆ ಕಟ್ಟಿಹೋಗಿರಬಹುದು. ಸಾಮಾನ್ಯ ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಹೊತ್ತ ಬುಟ್ಟಿಯನ್ನೂ ಅದು ಆಕ್ಸಿಜನ್ ತುಂಬಿದ್ದೆಂದೇ ಎಣಿಸುತ್ತದೆ. ಮೂತ್ರಪಿಂಡ ಮಾತ್ರ ಮೋಸ ಹೋಗುವುದಿಲ್ಲ. ಅದು ಕೊರತೆಯನ್ನು ಗುರುತಿಸಿ ಹಾರ್ಮೋನ್ ಬಿಡುತ್ತಲೇ ಇರುತ್ತದೆ.

ಚಿಕಿತ್ಸೆಯಲ್ಲಿ ರಕ್ತದ ಮಾತು

ರಕ್ತ ಜಾಸ್ತಿಯಾಗಿದೆಯಲ್ಲ, ತೆಗೆದುಬಿಟ್ಟರೆ ಆಯ್ತು ಎಂಬ ಆಸೆ ಸಹಜ. ತುಂಬಾ ಮಂದವಾಗಿ ತೊಂದರೆ ಕೊಡುತ್ತಿದ್ದರೆ ಸ್ವಲ್ಪ ಸ್ವಲ್ಪವಾಗಿ ತೆಗೆಯುವುದುಂಟು. ಮತ್ತೆ ಮತ್ತೆ ತೆಗೆದರೆ ಕಬ್ಬಿಣ ಬರಿದಾಗುತ್ತದೆ. ಚೀಟಿ ಹರಿಯುವ ಕೈಗೆ ಕಬ್ಬಿಣವೂ ಬೇಕಿತ್ತು, ನೆನಪಿದೆಯಾ? ಅದು ಇಲ್ಲವಾದರೆ ಆಕ್ಸಿಜನ್ ಕೊರತೆಯ ಕೂಗು ಇನ್ನೂ ಜೋರಾಗುತ್ತದೆ, ಶ್ವಾಸಕೋಶದ ನಾಳಗಳ ಒತ್ತಡಕ್ಕೂ ಅದು ಒಳ್ಳೆಯದಲ್ಲ. ಮಜ್ಜೆಯದೇ ಕಾಯಿಲೆಯಿಂದ ಕಣ ಹೆಚ್ಚಾಗಿದ್ದರೆ ಮಾತು ಬೇರೆ. ಅಲ್ಲಿ ಸಾಮಾನ್ಯವಾಗಿ ಎರಿಥ್ರೊಪೊಯೆಟಿನ್ ಕಡಿಮೆ ಇರುತ್ತದೆ, ಜಾಕ್2 ಎಂಬ ವಂಶವಾಹಿಯ ಬದಲಾವಣೆ ಸಿಗುತ್ತದೆ. ಹೊಸ ಮಾತ್ರೆಗಳ ಕಡೆಗೂ ಒಂದು ಕಣ್ಣಿರಲಿ. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಈಗ ಬಹಳ ಬಳಕೆಯಲ್ಲಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೆಮಟೋಕ್ರಿಟ್ಟನ್ನು ಸ್ವಲ್ಪ ಏರಿಸುತ್ತವೆ. ಶ್ವಾಸಕೋಶ ಕೆಟ್ಟಿತು ಎಂದು ಹೆದರುವ ಮೊದಲು ಮಾತ್ರೆಯ ಪಟ್ಟಿ ನೋಡಬೇಕು.

ಮೂಲ ಕಾರಣಕ್ಕೆ ಮದ್ದು ಆಕ್ಸಿಜನ್ನೇ. 1980ರಲ್ಲಿ ಅಮೆರಿಕದ, 1981ರಲ್ಲಿ ಬ್ರಿಟನ್ನಿನ ಪ್ರಯೋಗಗಳು ಇದನ್ನು ಸಾಬೀತು ಮಾಡಿದವು. ಬ್ರಿಟನ್ನಿನ 87 ರೋಗಿಗಳಲ್ಲಿ ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದ 42 ಮಂದಿಯ ಪೈಕಿ ಐದು ವರ್ಷದಲ್ಲಿ ಸತ್ತವರು 19. ಪಡೆಯದ 45ರಲ್ಲಿ 30. ಅಂದಿನಿಂದ ರಕ್ತದ ಆಕ್ಸಿಜನ್ ಒತ್ತಡ 55 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಮನೆಯಲ್ಲೇ ಆಕ್ಸಿಜನ್ ಕೊಡುತ್ತಾರೆ. 56ರಿಂದ 59ರ ನಡುವೆ ತೂಗಾಡುವವರಿಗೆ? ಹೃದಯದ ಬಲಭಾಗ ಸೋತಿದ್ದರೆ, ಇಲ್ಲವೇ ಹೆಮಟೋಕ್ರಿಟ್ 55 ದಾಟಿದ್ದರೆ ಕೊಡಿ ಎನ್ನುತ್ತದೆ ನಿಯಮ. ಇಷ್ಟಕ್ಕಿಂತ ಹಗುರ ಕೊರತೆ ಇದ್ದವರಿಗೆ ಇದರಿಂದ ಆಯಸ್ಸು ಹೆಚ್ಚುವುದಿಲ್ಲ ಎಂದು 2016ರಲ್ಲಿ ಗೊತ್ತಾಯಿತು. ಇಡೀ 24 ಗಂಟೆ ಕೊಟ್ಟರೂ 15 ಗಂಟೆಗಿಂತ ಹೆಚ್ಚಿನ ಲಾಭವಿಲ್ಲ ಎಂದು 241 ರೋಗಿಗಳ ಪ್ರಯೋಗವೊಂದು 2024ರಲ್ಲಿ ತೋರಿಸಿತು. ದಿನವಿಡೀ ಕೊಳವೆಗೆ ಕಟ್ಟಿಬಿದ್ದವರಿಗೆ ಇದು ಸಣ್ಣ ಸುದ್ದಿಯಲ್ಲ.

ಆಕ್ಸಿಜನ್ ಸರಿಯಾಗಿ ಸಿಕ್ಕರೆ ಏರಿದ್ದ ಹೆಮಟೋಕ್ರಿಟ್ ವಾರಗಳು, ತಿಂಗಳುಗಳಲ್ಲಿ ಮೆಲ್ಲಗೆ ಇಳಿಯಬೇಕು. ಕೆಲವರಲ್ಲಿ ಇಳಿಯುವುದಿಲ್ಲ. ಹಗಲು ಬೆರಳಿನ ಯಂತ್ರ 92 ಎನ್ನುತ್ತದೆ, ರಕ್ತ ಮಾತ್ರ ಮಂದವಾಗೇ ಇರುತ್ತದೆ. ಆಗ ಹುಡುಕಬೇಕಾದ ಜಾಗಗಳು ಕೆಲವೇ. ನಿದ್ದೆಯಲ್ಲಿ ಆಕ್ಸಿಜನ್ ಬೀಳುತ್ತಿರಬಹುದು. ಆಕ್ಸಿಜನ್ ಕೊಡುವ ಯಂತ್ರ ಹದಿನೈದು ಗಂಟೆ ಬದಲು ಐದು ಗಂಟೆ ಮಾತ್ರ ಓಡುತ್ತಿರಬಹುದು. ಇಲ್ಲವೇ ಕದ್ದುಮುಚ್ಚಿ ಸಿಗರೇಟು ನಡೆದಿರಬಹುದು. ಆಕ್ಸಿಜನ್ ಹತ್ತಿರ ಬೆಂಕಿ ಎಂದರೆ ಮುಖ ಸುಟ್ಟುಕೊಳ್ಳುವ ಅಪಾಯ ಬೇರೆ. ಆಕ್ಸಿಜನ್ ಪಡೆಯುತ್ತಲೇ ಸೇದುವುದನ್ನೂ ಮುಂದುವರಿಸಿದವರಲ್ಲಿ ಕೆಂಪು ಕಣಗಳ ರಾಶಿ ಕರಗಲಿಲ್ಲ ಎಂದು 1980ರ ದಶಕದ ಆರಂಭದಲ್ಲೇ ಗಮನಿಸಿದ್ದರು. ವೈದ್ಯರು 'ಬಿಟ್ರಾ?' ಎಂದು ಕೇಳಿದಾಗ ರೋಗಿ 'ಯಾವಾಗ್ಲೋ ಬಿಟ್ಟೆ ಡಾಕ್ಟ್ರೇ' ಎನ್ನಬಹುದು. ಮೇಜಿನ ಮೇಲಿನ ಹಾಳೆಯಲ್ಲಿ ಪಿಸಿವಿ 57 ಎಂದಿರುತ್ತದೆ.